ಎಂಪಿಎಚ್ ಓದೋಕೆ ಸಾಲ: ಮುಂದೆ ಬರೋ ಸಂಬಳದಲ್ಲಿ ತೀರುತ್ತಾ?

(ನಮ್ಮ ಪಾಡ್‌ಕಾಸ್ಟ್ ಕಂತಿನ ಬರಹ ರೂಪ ಇದು. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಕೈಲಿ ಫೋನ್ ಇದ್ರೆ ಕ್ಯಾಲ್ಕುಲೇಟರ್ ತೆಗೆದಿಟ್ಕೊಳ್ಳಿ. ಈ ಕಂತಿನಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇದೆ.

ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಹೆಸರು ಬೇಡ ಅಂದಿದ್ದಾರೆ, ಹೇಳಲ್ಲ. ಬಿಎಸ್ಸಿ ನರ್ಸಿಂಗ್ ಆಗಿದೆ, ಮಧ್ಯ ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ, ತಿಂಗಳಿಗೆ 25,000 ರೂಪಾಯಿ ಸಂಬಳ. ಈಗ ಎಂಪಿಎಚ್, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್ ಕೋರ್ಸಿಗೆ ಸೀಟು ಸಿಕ್ಕಿದೆ. ಫೀಸು, ಹಾಸ್ಟೆಲ್ ಎಲ್ಲಾ ಸೇರಿ ಎರಡು ವರ್ಷಕ್ಕೆ ಸುಮಾರು 6 ಲಕ್ಷ. ಬ್ಯಾಂಕಿನಲ್ಲಿ ಕೇಳಿದಾಗ ಅಪ್ಪನ ಜಮೀನಿನ ಪಹಣಿ ತಗೊಂಡು ಬನ್ನಿ ಅಂದರಂತೆ. ಎರಡು ಎಕರೆ ಇದೆ, ಅದರ ಮೇಲೆ ಬೆಳೆಸಾಲ ಬೇರೆ ಇದೆ. ಕೊನೆಗೆ ಅವರು ಕೇಳಿದ್ದು ಇಷ್ಟು: "ಅಕ್ಕಾ, ಈ ಕೆಲಸ ನನಗೆ ಇಷ್ಟ. ಆದರೆ ಅಪ್ಪನ್ನ ಸಾಲಕ್ಕೆ ಸೇರಿಸೋದು ಸರೀನಾ?"

ಇಷ್ಟ ಇದ್ದರೆ ಮಾಡಿ, ದುಡ್ಡು ಹಿಂದೆ ಬರುತ್ತೆ ಅಂತ ಹೇಳೋದು ಸುಲಭ. ಆದರೆ ಹೇಳುವವರು ಕಂತು ಕಟ್ಟೋದಿಲ್ಲ. ಅದಕ್ಕೇ ಅವರದೇ ಅಂಕಿ ಹಿಡಿದು ಲೆಕ್ಕ ಹಾಕೋಣ. ನಿಮ್ಮ ಅಂಕಿ ಬೇರೆ ಇದ್ದರೆ ಇದೇ ದಾರಿಯಲ್ಲಿ ನೀವೂ ಹಾಕಿಕೊಳ್ಳಬಹುದು.

ಮೊದಲು ಈ ಎಂಪಿಎಚ್ ಅಂದರೇನು ಅನ್ನೋದನ್ನ ಬೇಗ ಹೇಳಿಬಿಡ್ತೀನಿ. ಡಾಕ್ಟರು ಒಬ್ಬ ರೋಗಿಯನ್ನು ನೋಡ್ತಾರೆ. ಸಾರ್ವಜನಿಕ ಆರೋಗ್ಯದವರು ಇಡೀ ಊರನ್ನ, ಇಡೀ ಜಿಲ್ಲೆಯನ್ನ ನೋಡ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯ್ತಾ ಇದ್ದಾವೆ, ಜನಕ್ಕೂ ಜ್ವರ ಬರ್ತಾ ಇದೆ, ಏನಿದು ಅಂತ ಹುಡುಕಿಕೊಂಡು ಹೋಗಿ ಮಂಗನ ಕಾಯಿಲೆಯನ್ನ ಪತ್ತೆ ಹಚ್ಚಿದ್ರಲ್ಲ, ಆ ಥರದ ಕೆಲಸ. ಡೆಂಗಿ ಎಲ್ಲಿ ಏರ್ತಿದೆ, ಯಾವ ತಾಲ್ಲೂಕಲ್ಲಿ ಮಕ್ಕಳಿಗೆ ಲಸಿಕೆ ತಪ್ಪಿದೆ, ಟಿಬಿ ಔಷಧಿ ಮಧ್ಯದಲ್ಲೇ ಬಿಟ್ಟವರು ಯಾಕೆ ಬಿಟ್ಟರು, ಇದೆಲ್ಲ ಇದರಲ್ಲೇ ಬರುತ್ತೆ. ಸಾಮಾನ್ಯವಾಗಿ ಎರಡು ವರ್ಷದ ಕೋರ್ಸು. ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ನರ್ಸಿಂಗ್ ಆದವರು ಸೇರ್ತಾರೆ. ಎಷ್ಟೋ ಕಡೆ ಸೋಶಿಯಲ್ ವರ್ಕ್, ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೂ ಅವಕಾಶ ಇದೆ.

ಭಾರತದಲ್ಲಿ ಈ ಪದವಿಗೆ ಬಹಳ ವಯಸ್ಸೇನೂ ಆಗಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಲ್ಲಿ ಶುರುವಾಯಿತು. ಈಗ ನಮ್ಮಲ್ಲೇ ಮಣಿಪಾಲ, ಮೈಸೂರಿನ ಜೆಎಸ್‌ಎಸ್, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್, ಹೀಗೆ ಹಲವು ಕಡೆ ಇದೆ. ಕರ್ನಾಟಕದ ಹೊರಗೆ ಮುಂಬೈನ ಟಿಸ್, ದೆಹಲಿಯ ಜೆಎನ್‌ಯು, ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಪದವಿಯ ಹೆಸರು ಎಲ್ಲಾ ಕಡೆ ಒಂದೇ, ಫೀಸು ಒಂದೇ ಅಲ್ಲ. ಸರ್ಕಾರಿ ಸಂಸ್ಥೆಗೂ ಖಾಸಗಿ ಸಂಸ್ಥೆಗೂ ಲಕ್ಷಗಟ್ಟಲೆ ವ್ಯತ್ಯಾಸ ಬರಬಹುದು. ಒಂದು ವರ್ಷ ಕಾದು, ಕೆಲಸ ಮಾಡ್ತಾನೇ ಓದಿಕೊಂಡು ಸರ್ಕಾರಿ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆಯೋದು ಕೂಡ ಒಂದು ಹಣಕಾಸಿನ ನಿರ್ಧಾರವೇ. ಅದನ್ನ ಯಾರೂ ಹಾಗೆ ನೋಡಲ್ಲ, ವರ್ಷ ವೇಸ್ಟ್ ಅಂತಾರೆ.

ಸರಿ, ಲೆಕ್ಕಕ್ಕೆ ಬರೋಣ.

ಸಾಲ 6 ಲಕ್ಷ. ಬಡ್ಡಿ ಶೇ 10 ಅಂತ ಇಟ್ಕೊಳ್ಳೋಣ. ಬ್ಯಾಂಕು ಪೂರ್ತಿ ದುಡ್ಡನ್ನ ಒಂದೇ ಸಲ ಕೊಡಲ್ಲ. ಮೊದಲ ವರ್ಷ 3 ಲಕ್ಷ, ಎರಡನೇ ವರ್ಷ 3 ಲಕ್ಷ ಕಾಲೇಜಿಗೆ ಕಟ್ಟುತ್ತೆ. ಕೋರ್ಸ್ ನಡೆಯೋ ಎರಡು ವರ್ಷ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟೋ ಹಾಗಿಲ್ಲ. ಇದಕ್ಕೆ ಮೊರಟೋರಿಯಂ ಅಂತಾರೆ. ಬಹಳ ಜನ ಇಲ್ಲಿ ಒಂದು ತಪ್ಪು ತಿಳ್ಕೊಂಡಿದ್ದಾರೆ, ಮೊರಟೋರಿಯಂ ಅಂದರೆ ಬಡ್ಡಿ ಇಲ್ಲ ಅಂತ. ಕಂತು ಮಾತ್ರ ಇಲ್ಲ, ಬಡ್ಡಿ ಓಡ್ತಾನೇ ಇರುತ್ತೆ. ಆ ಅವಧಿಗೆ ಸರಳ ಬಡ್ಡಿ ಹಾಕ್ತಾರೆ ಅನ್ನೋದೊಂದೇ ಸಮಾಧಾನ. ಮೊದಲ 3 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 90,000. ಎರಡನೇ 3 ಲಕ್ಷಕ್ಕೆ ಎರಡು ವರ್ಷದ ಬಡ್ಡಿ 60,000. ಒಟ್ಟು ಒಂದೂವರೆ ಲಕ್ಷ. ಅಂದರೆ ಮೊದಲ ಕಂತು ಕಟ್ಟೋ ದಿನ ನಿಮ್ಮ ಸಾಲ 6 ಲಕ್ಷ ಅಲ್ಲ, 7.5 ಲಕ್ಷ.

ಇದನ್ನ 10 ವರ್ಷಕ್ಕೆ ಹಂಚಿದರೆ ತಿಂಗಳ ಇಎಂಐ ಸುಮಾರು 9,900 ರೂಪಾಯಿ. 15 ವರ್ಷಕ್ಕೆ ಹಂಚಿದರೆ ಸುಮಾರು 8,060. ನೋಡಿ, ತಿಂಗಳಿಗೆ ಉಳಿಯೋದು 1,850 ರೂಪಾಯಿ ಅಷ್ಟೇ. ಆದರೆ ಒಟ್ಟು ಕಟ್ಟೋದು? 10 ವರ್ಷದ್ದಾದರೆ ಹತ್ತಿರ ಹತ್ತಿರ 11.9 ಲಕ್ಷ. 15 ವರ್ಷದ್ದಾದರೆ 14.5 ಲಕ್ಷ. ತಗೊಂಡಿದ್ದು 6. ಬ್ಯಾಂಕಿನವರು ಕಂತು ಕಡಿಮೆ ಆಗುತ್ತೆ ಅಂತ 15 ವರ್ಷ ತೋರಿಸ್ತಾರೆ. ಕಷ್ಟ ಕಾಲಕ್ಕೆ ಇರಲಿ ಅಂತ ಉದ್ದದ ಅವಧಿ ತಗೊಂಡು, ಕೈಯಲ್ಲಿ ದುಡ್ಡಿದ್ದಾಗ ಹೆಚ್ಚಿಗೆ ಕಟ್ಟಿ ಬೇಗ ಮುಗಿಸೋ ದಾರಿಯೂ ಇದೆ. ಬಡ್ಡಿ ದರ ಬದಲಾಗೋ ರೀತಿಯ ಸಾಲವಾದರೆ, ಅವಧಿಗೆ ಮುಂಚೆ ತೀರಿಸಿದ್ದಕ್ಕೆ ವ್ಯಕ್ತಿಗಳಿಂದ ದಂಡ ಹಾಕೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಮೊದಲ ತಿಂಗಳ ಆ 9,900ರಲ್ಲಿ ಬಡ್ಡಿಗೆ ಹೋಗೋದು 6,250, ಅಸಲಿಗೆ ಹೋಗೋದು 3,650. ಹಾಗಾಗಿ ಎರಡು ವರ್ಷ ಕಟ್ಟಿದ ಮೇಲೂ "ಅಯ್ಯೋ ಸಾಲ ಇಳಿದೇ ಇಲ್ವಲ್ಲಾ" ಅಂತ ಅನ್ಸುತ್ತೆ. ಬ್ಯಾಂಕಿನವರು ಮೋಸ ಮಾಡಿಲ್ಲ, ಇಎಂಐ ಅನ್ನೋದೇ ಹಾಗೆ.

ಇನ್ನು ಬಹಳ ಜನ ಮರೆಯೋ ಖರ್ಚು ಒಂದಿದೆ, ಬಿಟ್ಟ ಸಂಬಳ. ನಮ್ಮ ಕೇಳುಗರು ಈಗ 25,000 ದುಡೀತಿದ್ದಾರೆ. ಎರಡು ವರ್ಷ ಓದಿದರೆ 24 ತಿಂಗಳ ಸಂಬಳ, ಅಂದರೆ 6 ಲಕ್ಷ ಕೈತಪ್ಪುತ್ತೆ. ಯಾವ ಬ್ರೋಷರಿನಲ್ಲೂ ಈ 6 ಲಕ್ಷ ಬರೆದಿರಲ್ಲ. ಆದರೆ ಮನೆಗೆ ತಿಂಗಳಿಗೆ ಹತ್ತು ಸಾವಿರ ಕಳಿಸ್ತಾ ಇದ್ದ ಮಗಳು ಎರಡು ವರ್ಷ ಕಳಿಸದೇ ಇದ್ದರೆ ಅದು ಮನೆಯವರಿಗೆ ಮೊದಲ ತಿಂಗಳೇ ಗೊತ್ತಾಗುತ್ತೆ.

ಈಗ ಅಸಲಿ ಪ್ರಶ್ನೆ: ಈ ಬಿಟ್ಟ 6 ಲಕ್ಷ ಯಾವಾಗ ವಾಪಸ್ ಬರುತ್ತೆ? ಸುಲಭ ಆಗ್ಲಿ ಅಂತ ಎರಡೂ ಕಡೆ ಸಂಬಳ ಏರಿಕೆ ಬಿಟ್ಟುಬಿಡೋಣ. ಕೋರ್ಸ್ ಮುಗಿದ ತಕ್ಷಣ ಕೆಲಸ ಸಿಕ್ಕಿತು ಅಂತಲೂ ಇಟ್ಕೊಳ್ಳೋಣ.

ಎಂಪಿಎಚ್ ನಂತರ 50,000 ಸಿಕ್ಕರೆ, ಹಳೆಯ ಸಂಬಳಕ್ಕಿಂತ 25,000 ಜಾಸ್ತಿ. ಮೊದಲ ವರ್ಷ ಕಂತಿಲ್ಲ, ಹಾಗಾಗಿ 3 ಲಕ್ಷ ಅಲ್ಲೇ ಬಂತು. ಆಮೇಲೆ ಕಂತು ಹೋಗಿ ತಿಂಗಳಿಗೆ 15,000 ಉಳಿಯುತ್ತೆ. ಇನ್ನುಳಿದ 3 ಲಕ್ಷಕ್ಕೆ 20 ತಿಂಗಳು ಸಾಕು. ಅಂದರೆ ಪದವಿ ಮುಗಿದು ಎರಡು ವರ್ಷ ಎಂಟು ತಿಂಗಳಿಗೆ ಲೆಕ್ಕ ಸಮ. ತುಂಬಾ ಒಳ್ಳೆಯದು.

40,000 ಸಿಕ್ಕರೆ? ಜಾಸ್ತಿ ಸಿಗೋದು 15,000. ಮೊದಲ ವರ್ಷ 1.8 ಲಕ್ಷ. ಆಮೇಲೆ ಕಂತು ಹೋಗಿ ಉಳಿಯೋದು ಸುಮಾರು 5,100. ಉಳಿದ 4.2 ಲಕ್ಷ ತುಂಬೋಕೆ 82–83 ತಿಂಗಳು. ಒಟ್ಟು ಪದವಿ ಮುಗಿದ ಮೇಲೆ ಹತ್ತಿರ ಹತ್ತಿರ ಎಂಟು ವರ್ಷ.

35,000 ಸಿಕ್ಕರೆ? ಜಾಸ್ತಿ ಸಿಗೋದು 10,000, ಕಂತು 9,900. ತಿಂಗಳಿಗೆ ನೂರು ರೂಪಾಯಿ ಉಳೀತು. ಸಾಲ ಮುಗಿಯೋವರೆಗೆ, ಅಂದರೆ ಹತ್ತು ವರ್ಷ, ನೀವು ಹಳೇ ಸಂಬಳದಲ್ಲೇ ಇದ್ದ ಹಾಗೆ.

ನಾನು ಇದನ್ನ ಎರಡು ಸಲ ಹಾಕಿ ನೋಡಿದೆ. ಸಂಬಳದಲ್ಲಿ ಹತ್ತು ಸಾವಿರದ ವ್ಯತ್ಯಾಸ, ಎಂಟು ವರ್ಷವನ್ನ ಮೂರು ವರ್ಷಕ್ಕಿಂತ ಕಡಿಮೆ ಮಾಡುತ್ತೆ. ಅಂದಮೇಲೆ ಕೋರ್ಸ್ ಒಳ್ಳೇದಾ ಅಂತ ಕೇಳಿದರೆ ಸಾಲದು. ಇದೇ ಕಾಲೇಜಿನಿಂದ, ನನ್ನ ಥರದ ಹಿನ್ನೆಲೆಯವರಿಗೆ, ಕೈಗೆ ಎಷ್ಟು ಸಿಕ್ತಿದೆ ಅಂತ ಕೇಳಬೇಕು. "ನನ್ನ ಥರದ ಹಿನ್ನೆಲೆ" ಅನ್ನೋದಕ್ಕೆ ಒತ್ತು ಕೊಡ್ತಿದ್ದೀನಿ. ಕಾಲೇಜುಗಳು ಸರಾಸರಿ ಪ್ಯಾಕೇಜ್ ಇಷ್ಟು ಅಂತ ತೋರಿಸ್ತಾವೆ. ಅದೇ ಬ್ಯಾಚಿನಲ್ಲಿ ಎಂಬಿಬಿಎಸ್ ಮಾಡಿದವರೂ ಇರ್ತಾರೆ. ಅವರಿಗೆ ಜಾಸ್ತಿ ಸಂಬಳ ಸಿಗೋದು ಎಂಪಿಎಚ್‌ನಿಂದಷ್ಟೇ ಅಲ್ಲ, ಅವರು ಡಾಕ್ಟರ್ ಆಗಿರೋದರಿಂದ. ಅವರ ಸಂಬಳ ಸೇರಿಸಿ ಸರಾಸರಿ ತೆಗೆದರೆ ಬಿಎಸ್ಸಿಯವರ ನಿಜ ಸ್ಥಿತಿ ಮುಚ್ಚಿಹೋಗುತ್ತೆ. ಕಾಲೇಜಿನವರಿಗೆ ನೇರವಾಗಿ ಕೇಳಿ: ಡಾಕ್ಟರ್ ಅಲ್ಲದವರ ಸಂಬಳ ಬೇರೆ ಮಾಡಿ ಹೇಳ್ತೀರಾ? ಹೇಳದಿದ್ದರೆ ಲಿಂಕ್ಡ್‌ಇನ್‌ನಲ್ಲಿ ಆ ಕಾಲೇಜಿನ ಮೂರು ವರ್ಷ ಹಿಂದಿನ ವಿದ್ಯಾರ್ಥಿಗಳನ್ನ ಹುಡುಕಿ, ಹತ್ತು ಜನಕ್ಕೆ ಮೆಸೇಜ್ ಮಾಡಿ. ನಾಲ್ಕು ಜನ ಉತ್ತರ ಕೊಟ್ಟರೂ ಬ್ರೋಷರಿಗಿಂತ ಎಷ್ಟೋ ವಾಸಿ. ಹೋದ ವರ್ಷ ಪಾಸಾದವರನ್ನ ಮಾತ್ರ ಕೇಳಬೇಡಿ. ಮೊದಲ ಕೆಲಸ ಹೋಗಿ ಎರಡನೇ ಕೆಲಸ ಹುಡುಕಿದವರಿಗೆ ಈ ಕ್ಷೇತ್ರ ಹೇಗಿದೆ ಅಂತ ಚೆನ್ನಾಗಿ ಗೊತ್ತಿರುತ್ತೆ.

ಯಾಕೆ ಹೀಗಂತೀನಿ ಅಂದರೆ, ಇಲ್ಲಿನ ಕೆಲಸಗಳ ಸ್ವಭಾವವೇ ಬೇರೆ. ಸರ್ಕಾರದ ಕಡೆ ದೊಡ್ಡ ಬಾಗಿಲು ಅಂದರೆ 2005ರಲ್ಲಿ ಗ್ರಾಮೀಣ ಆರೋಗ್ಯ ಮಿಷನ್ ಆಗಿ ಶುರುವಾದ ಇಂದಿನ ರಾಷ್ಟ್ರೀಯ ಆರೋಗ್ಯ ಅಭಿಯಾನ, ಎಲ್ಲರ ಬಾಯಲ್ಲಿ ಎನ್‌ಎಚ್‌ಎಂ. ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕರು, ಕನ್ಸಲ್ಟೆಂಟ್‌ಗಳು, ಡೇಟಾ ನೋಡೋರು, ಟಿಬಿ ಕಾರ್ಯಕ್ರಮದವರು, ಇಂಥ ಎಷ್ಟೋ ಹುದ್ದೆಗಳು ಗುತ್ತಿಗೆ ಮೇಲೆ. ಕರಾರು ನವೀಕರಣ ಆಗ್ತಾ ಹೋಗುತ್ತೆ, ಆದರೆ ಖಾಯಂ ಅಲ್ಲ. ನಮ್ಮ ರಾಜ್ಯದ ಎನ್‌ಎಚ್‌ಎಂ ನೌಕರರು ಖಾಯಂ ಮಾಡಿ ಅಂತ ಧರಣಿ ಕೂತಿದ್ದನ್ನ ಸುದ್ದಿಯಲ್ಲಿ ನೀವೂ ನೋಡಿರ್ತೀರಿ. ಇನ್ನೊಂದು ವಿಷಯ, ಜಿಲ್ಲಾ ಎಪಿಡೆಮಿಯಾಲಜಿಸ್ಟ್ ಥರದ ಹುದ್ದೆಗಳ ಅಧಿಸೂಚನೆಯಲ್ಲಿ ಎಂಬಿಬಿಎಸ್ ಆದವರಿಗೆ ಆದ್ಯತೆ ಅಂತ ಎಷ್ಟೋ ಸಲ ಬರೆದಿರುತ್ತೆ. ಅಧಿಸೂಚನೆ ಓದುವಾಗ ಸಂಬಳದ ಸಾಲಿಗಿಂತ ಮೊದಲು ಅರ್ಹತೆಯ ಸಾಲು ಓದಿ. ನೀವು ಬಿಎಸ್ಸಿ ಆಗಿದ್ದರೆ, ಕಳೆದ ಒಂದು ವರ್ಷದಲ್ಲಿ ಬಂದ ಅಧಿಸೂಚನೆಗಳನ್ನ ಇಲಾಖೆ ವೆಬ್‌ಸೈಟಿನಿಂದ ಇಳಿಸಿಕೊಂಡು, ಎಷ್ಟರಲ್ಲಿ ನೀವು ಅರ್ಜಿ ಹಾಕಬಹುದಿತ್ತು ಅಂತ ಎಣಿಸಿ. ಒಂದು ಭಾನುವಾರದ ಕೆಲಸ ಅದು.

ಸರ್ಕಾರದ ಹೊರಗೆ ಎನ್‌ಜಿಒಗಳು, ಸಂಶೋಧನಾ ಸಂಸ್ಥೆಗಳು, ಕನ್ಸಲ್ಟಿಂಗ್ ಕಂಪನಿಗಳು, ಸಿಎಸ್‌ಆರ್ ಯೋಜನೆಗಳು. ಇಲ್ಲಿ ಸಂಬಳ ಪರವಾಗಿಲ್ಲ, ಆದರೆ ಎಲ್ಲವೂ ಪ್ರಾಜೆಕ್ಟ್. ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗೀತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನ ತಡೆಹಿಡಿದಾಗ, ಯುಎಸ್‌ಏಡ್ ದುಡ್ಡಿನಿಂದ ನಡೀತಿದ್ದ ಆರೋಗ್ಯ ಯೋಜನೆಗಳು ಭಾರತದಲ್ಲೂ ನಿಂತವು. ಅದೇ ವರ್ಷದ ಜುಲೈಗೆ ಆ ಸಂಸ್ಥೆಯ ಕಥೆಯೇ ಮುಗೀತು. ಆ ಯೋಜನೆಗಳಲ್ಲಿ ಇದ್ದವರು ಚೆನ್ನಾಗಿ ಕೆಲಸ ಮಾಡಲಿಲ್ಲ ಅಂತಲ್ಲ. ವಾಷಿಂಗ್ಟನ್‌ನಲ್ಲಿ ಒಂದು ಸಹಿ ಬಿತ್ತು, ಇಲ್ಲಿ ಸಂಬಳ ನಿಂತಿತು. ಬ್ಯಾಂಕಿನ ಕಂತು ಮಾತ್ರ ಪ್ರಾಜೆಕ್ಟ್ ನೋಡಿ ನಿಲ್ಲಲ್ಲ, ಪ್ರತಿ ತಿಂಗಳು ಅದೇ ದಿನಕ್ಕೆ ಬರುತ್ತೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಈ ಕ್ಷೇತ್ರಕ್ಕೆ ಬರೋರು ಕೆಲಸಕ್ಕೆ ಸೇರಿದ ಮೊದಲ ವರ್ಷ, ಕಂತು ಶುರುವಾಗೋಕೆ ಮುಂಚೆ, ಆರು ಕಂತಿನಷ್ಟು ದುಡ್ಡನ್ನ ಬೇರೆ ಖಾತೆಯಲ್ಲಿ ಇಟ್ಟುಬಿಡಬೇಕು. ನಮ್ಮ ಲೆಕ್ಕದಲ್ಲಿ ಅದು 60,000. ಹೊಸ ಫೋನ್ ಆಮೇಲೆ.

ಈಗ ಅಪ್ಪನ ಪಹಣಿ ವಿಷಯ. ಇದನ್ನ ಗಮನ ಇಟ್ಟು ಕೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರ ಸರ್ಕಾರದ ಖಾತರಿ ನಿಧಿ ಇದೆ. ಅದರಡಿ ಕೊಡೋ ಸಾಲಕ್ಕೆ ಆಸ್ತಿ ಅಡಮಾನ ಬೇಡ, ಮೂರನೆಯವರ ಜಾಮೀನೂ ಬೇಡ. ಅಪ್ಪ ಅಥವಾ ಅಮ್ಮ ಸಹ ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. ನಮ್ಮ ಕೇಳುಗರ ಸಾಲ 6 ಲಕ್ಷ. ಜಮೀನು ಯಾಕೆ ಬೇಕು? "ಈ ಸಾಲ ಖಾತರಿ ನಿಧಿ ಅಡಿ ಬರುತ್ತಲ್ಲ ಸರ್?" ಅಂತ ಮ್ಯಾನೇಜರ್ ಹತ್ತಿರ ಕೇಳಿ, ಮೆತ್ತಗೇ ಕೇಳಿ. ಅರ್ಜಿಯನ್ನ ಬಾಯಿಮಾತಲ್ಲಿ ಕೊಡಬೇಡಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ದಾಖಲೆ ಇರುತ್ತೆ. ಮಾದರಿ ಯೋಜನೆ ಪ್ರಕಾರ ಅರ್ಜಿ ತಿರಸ್ಕರಿಸೋದಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಾರಣವನ್ನೂ ತಿಳಿಸಬೇಕು. ಬ್ಯಾಂಕಿಗೇ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ದುಡ್ಡು ಕೊಡಬೇಕಾಗಿಲ್ಲ.

ಆದರೆ ಸಹ ಸಾಲಗಾರ ಅನ್ನೋದೂ ಬರೀ ಹೆಸರಿಗೆ ಅಲ್ಲ. ನೀವು ಕಂತು ತಪ್ಪಿಸಿದರೆ ಅಪ್ಪನ ಸಿಬಿಲ್ ಸ್ಕೋರೂ ಕೆಡುತ್ತೆ. ಮುಂದಿನ ವರ್ಷ ಅವರು ಬೋರ್‌ವೆಲ್‌ಗೋ ಟ್ರ್ಯಾಕ್ಟರಿಗೋ ಸಾಲ ಕೇಳೋಕೆ ಹೋದಾಗ ಅದು ಎದ್ದು ಕಾಣುತ್ತೆ. ಸಹಿ ಹಾಕಿಸೋ ಮುಂಚೆ ಅಪ್ಪನಿಗೆ ಇದನ್ನ ಕೂರಿಸಿಕೊಂಡು ಹೇಳಿ. "ಸುಮ್ನೆ ಒಂದು ಸಹಿ ಅಪ್ಪಾ" ಅನ್ನಬೇಡಿ.

ಬಡ್ಡಿಯ ಭಾರ ಇಳಿಸೋಕೆ ಸರ್ಕಾರದ ಸಹಾಯವೂ ಇದೆ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ, ಭಾರತದೊಳಗೆ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಓದೋರಿಗೆ ಮೊರಟೋರಿಯಂ ಅವಧಿಯ ಬಡ್ಡಿಯನ್ನ ಕೇಂದ್ರ ಸರ್ಕಾರ ಕಟ್ಟೋ ಯೋಜನೆ ಇದೆ. ನಮ್ಮ ಲೆಕ್ಕದಲ್ಲಿ ಅಂದರೆ ಆ ಒಂದೂವರೆ ಲಕ್ಷ. ಅದು ಹೋದರೆ ಕಂತು 9,900ರಿಂದ 7,900ರ ಆಸುಪಾಸಿಗೆ ಇಳಿಯುತ್ತೆ, ಹತ್ತು ವರ್ಷಕ್ಕೆ. ಇನ್ನೊಂದು, 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ. ಆದಾಯ 8 ಲಕ್ಷದವರೆಗೆ ಇರೋರಿಗೆ, 10 ಲಕ್ಷದವರೆಗಿನ ಸಾಲಕ್ಕೆ, ಮೊರಟೋರಿಯಂನಲ್ಲಿ ಶೇ 3ರಷ್ಟು ಬಡ್ಡಿ ರಿಯಾಯಿತಿ. ಆದರೆ ಇದು ಎಲ್ಲಾ ಕಾಲೇಜಿಗೂ ಅಲ್ಲ. ಶುರುವಿನಲ್ಲಿ 860 ಸಂಸ್ಥೆಗಳ ಪಟ್ಟಿ ಇತ್ತು, ಎನ್‌ಐಆರ್‌ಎಫ್ ರ‍್ಯಾಂಕ್ ನೋಡಿ ಮಾಡಿದ್ದು, ವರ್ಷ ವರ್ಷ ಬದಲಾಗುತ್ತೆ. ಸೀಟು ಒಪ್ಪಿಕೊಳ್ಳೋ ಮುಂಚೆ ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ನೋಡಿ. ಎರಡು ಕಾಲೇಜಿನ ಮಧ್ಯೆ ತೀರ್ಮಾನ ಮಾಡಲಾರದೆ ಕೂತಿದ್ದರೆ, ತಕ್ಕಡಿ ಒಂದು ಕಡೆ ವಾಲೋಕೆ ಇಷ್ಟು ಸಾಕು. ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಕಡಿಮೆ ಬಡ್ಡಿ ಕೊಡೋ ಸರ್ಕಾರಿ ಬ್ಯಾಂಕುಗಳಿವೆ. ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿದರೆ ಒಂದು ಪರ್ಸೆಂಟ್ ರಿಯಾಯಿತಿ ಸಿಗೋದೂ ಉಂಟು. ಕೇಳದೆ ಯಾರೂ ಹೇಳಲ್ಲ.

ಟ್ಯಾಕ್ಸ್ ಉಳಿಯುತ್ತಲ್ಲಾ ಅಂತ ಒಬ್ಬ ಸ್ನೇಹಿತ ಅಂದ. 80ಇ ಅನ್ನೋ ಸೆಕ್ಷನ್ ಬಗ್ಗೆ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿ, ನಿಜ. ಆದರೆ ಅದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೀಳಲ್ಲ. ತಿಂಗಳಿಗೆ 40–50 ಸಾವಿರ ದುಡಿಯೋರಿಗೆ ತೆರಿಗೆಯೇ ಇಲ್ಲ ಅಂದಮೇಲೆ ಅದರಿಂದ ಉಳಿಸೋದು ಏನನ್ನ? ಸಾಲ ಮಾರೋರು ಇದನ್ನ ಇನ್ನೂ ಲಾಭ ಅಂತ ತೋರಿಸ್ತಾರೆ, ನಿಮ್ಮ ಲೆಕ್ಕದಿಂದ ಹೊಡೆದು ಹಾಕಿ.

ಹೊರದೇಶಕ್ಕೆ ಹೋಗೋರ ಕಥೆ ಬೇರೆ, ಅಲ್ಲಿ ಸೊನ್ನೆಗಳು ಜಾಸ್ತಿ. ಅಮೆರಿಕದ ಎಂಪಿಎಚ್‌ಗೆ 40 ಲಕ್ಷ ಸಾಲ ಅಂತ ಇಟ್ಕೊಳ್ಳಿ. ಇಷ್ಟು ದೊಡ್ಡ ಸಾಲಕ್ಕೆ ಸರ್ಕಾರಿ ಬ್ಯಾಂಕು ಮನೆಯನ್ನೋ ಸೈಟನ್ನೋ ಅಡಮಾನ ಕೇಳುತ್ತೆ. ಅಡಮಾನ ಇಲ್ಲದೆ ಕೊಡೋದು ಹೆಚ್ಚಾಗಿ ಎನ್‌ಬಿಎಫ್‌ಸಿಗಳು, ಬಡ್ಡಿ ಜಾಸ್ತಿ. ಶೇ 12 ಅಂತ ಹಿಡಿಯೋಣ. ವರ್ಷಕ್ಕೆ 20 ಲಕ್ಷದಂತೆ ಎರಡು ಸಲ ಕೊಟ್ಟು, ಕೋರ್ಸ್ ಮುಗಿದು ಆರು ತಿಂಗಳಿಗೆ ಕಂತು ಶುರು ಆದರೆ, ಅಷ್ಟರಲ್ಲಿ ಬಡ್ಡಿ 9.6 ಲಕ್ಷ ಸೇರಿ ಸಾಲ 49.6 ಲಕ್ಷ ಆಗಿರುತ್ತೆ. ಹತ್ತು ವರ್ಷಕ್ಕೆ ಇಎಂಐ ಸುಮಾರು 71,000 ರೂಪಾಯಿ.

ಅಲ್ಲೇ ಕೆಲಸ ಸಿಕ್ಕರೆ ಇದು ಏನೂ ಅಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆ ಪ್ರಕಾರ 2023ರ ಮೇನಲ್ಲಿ ಎಪಿಡೆಮಿಯಾಲಜಿಸ್ಟ್‌ಗಳ ವಾರ್ಷಿಕ ಸಂಬಳದ ಮಧ್ಯಬಿಂದು 81,390 ಡಾಲರ್, ಅಂದರೆ ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ. ಏಜೆಂಟರು ಈ ಅಂಕಿಯನ್ನೇ ತೋರಿಸ್ತಾರೆ. ಅವರು ತೋರಿಸದೇ ಇರೋದು, ಇಡೀ ಅಮೆರಿಕದಲ್ಲಿ ಆ ಹೆಸರಿನ ಹುದ್ದೆಗಳು ಹತ್ತು ಹನ್ನೊಂದು ಸಾವಿರದ ಆಸುಪಾಸು ಅನ್ನೋದನ್ನ, ಅದರಲ್ಲೂ ದೊಡ್ಡ ಪಾಲು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಲ್ಲಿದೆ ಅನ್ನೋದನ್ನ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯಿಂದಲೇ ಸಾವಿರಾರು ಜನರನ್ನ ಕೆಲಸದಿಂದ ತೆಗೆದರು. ಅನುಭವ ಇದ್ದವರೇ ಕೆಲಸ ಹುಡುಕ್ತಾ ಇರುವಾಗ ಹೊಸಬರ ಸರದಿ ಯಾವಾಗ?

ವೀಸಾ ಇನ್ನೂ ಸೂಕ್ಷ್ಮ. ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಮಾಡೋ ಅನುಮತಿ, ಅದಕ್ಕೆ ಓಪಿಟಿ ಅಂತಾರೆ. ಕೋರ್ಸು ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೂ ಎರಡು ವರ್ಷ. ಎಪಿಡೆಮಿಯಾಲಜಿ, ಬಯೋಸ್ಟ್ಯಾಟಿಸ್ಟಿಕ್ಸ್ ಆ ಪಟ್ಟಿಯಲ್ಲಿವೆ. ಬರೀ ಜನರಲ್ ಪಬ್ಲಿಕ್ ಹೆಲ್ತ್ ಇಲ್ಲ. ಒಂದೇ ವಿಶ್ವವಿದ್ಯಾಲಯ, ಒಂದೇ ಫೀಸು, ಕೋರ್ಸಿನ ಕೋಡ್ ಬೇರೆ ಅಷ್ಟೇ, ಅದರಿಂದ ಸಾಲ ತೀರಿಸೋಕೆ ಸಿಗೋ ಸಮಯ ಒಂದು ವರ್ಷವೋ ಮೂರು ವರ್ಷವೋ ಅನ್ನೋದು ತೀರ್ಮಾನ ಆಗುತ್ತೆ. ಸೀಟು ಒಪ್ಪಿಕೊಳ್ಳೋ ಮುಂಚೆ ಇಮೇಲ್‌ನಲ್ಲಿ ಕೋಡ್ ಕೇಳಿ ತರಿಸಿಕೊಳ್ಳಿ. ಎಚ್‌1ಬಿ ಕಡೆಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂತು. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳೋರಿಗೆ ಇದು ಅನ್ವಯಿಸಲ್ಲ ಅಂತ ಆಮೇಲೆ ಸ್ಪಷ್ಟನೆ ಕೊಟ್ಟರೂ, ಕಂಪನಿಗಳು ಹಿಂದೆಮುಂದೆ ನೋಡೋದಂತೂ ಶುರುವಾಗಿದೆ.

ಯೂಟ್ಯೂಬ್‌ನಲ್ಲಿ ಅಮೆರಿಕದ ಹುಡುಗಿಯರು "ಹತ್ತು ವರ್ಷ ಸರ್ಕಾರಿ ಕೆಲಸ ಮಾಡಿದೆ, ಉಳಿದ ಸಾಲ ಮನ್ನಾ ಆಯ್ತು" ಅಂತ ಹೇಳೋ ವಿಡಿಯೋಗಳಿವೆ. ಅದು ಅವರ ಫೆಡರಲ್ ಸಾಲಕ್ಕೆ, 120 ಕಂತು ಕಟ್ಟಿದ ಮೇಲೆ ಸಿಗೋ ಮನ್ನಾ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ಸಾಲವೇ ಸಿಗಲ್ಲ. ನಿಮ್ಮ ಸಾಲ ಬೆಂಗಳೂರಿನ ಯಾವುದೋ ಶಾಖೆಯದ್ದು, ಅಲ್ಲಿ ಮನ್ನಾ ಇಲ್ಲ.

ಬ್ರಿಟನ್‌ನಲ್ಲಿ ಒಂದೇ ವರ್ಷದ ಕೋರ್ಸು, ಹಾಗಾಗಿ ಸಾಲವೂ ಬಿಟ್ಟ ಸಂಬಳವೂ ಕಡಿಮೆ. ಆದರೆ ಓದು ಮುಗಿದ ಮೇಲೆ ಇರೋಕೆ ಕೊಡ್ತಿದ್ದ ಎರಡು ವರ್ಷವನ್ನ 2027ರ ಜನವರಿಯಿಂದ ಹಾಕೋ ಅರ್ಜಿಗಳಿಗೆ 18 ತಿಂಗಳಿಗೆ ಇಳಿಸ್ತಾ ಇದ್ದಾರೆ.

ಯಾವ ದೇಶಕ್ಕೇ ಹೋಗಿ, ಒಂದು ಪರೀಕ್ಷೆ ಮಾಡಿ. "ವೀಸಾ ಸಿಗದೆ ವಾಪಸ್ ಬಂದರೆ ನನ್ನ ಊರಿನ ಸಂಬಳದಲ್ಲಿ ಈ ಕಂತು ಕಟ್ಟೋಕೆ ಆಗುತ್ತಾ?" 71,000 ಕಂತು, ಇಲ್ಲಿ ಸಿಗೋ ಸಂಬಳ 50,000. ಆಗಲ್ಲ. ಆಗ ಮನೆ ಹರಾಜಿಗೆ ಬರುತ್ತೆ, ಇಲ್ಲಾ ಇಡೀ ಕುಟುಂಬ ಸೇರಿ ಕಟ್ಟುತ್ತೆ. ಸ್ಕಾಲರ್‌ಶಿಪ್ ಇಲ್ಲದೆ, ಅಪ್ಪ ಅಮ್ಮನ ಇರೋ ಒಂದೇ ಮನೆಯನ್ನ ಅಡ ಇಟ್ಟು ಜನರಲ್ ಎಂಪಿಎಚ್‌ಗೆ ಅಮೆರಿಕಕ್ಕೆ ಹೋಗೋದನ್ನ ನಾನಂತೂ ಈಗ ಬೇಡ ಅಂತೀನಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳು ಮೊದಲು ರಾಜ್ಯದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಎರಡನ್ನೂ ನೋಡಿ, ಆ ವರ್ಷದ ಷರತ್ತುಗಳನ್ನ ಓದಿ, ಆಮೇಲೆ ಸಾಲದ ಮಾತು.

ಹಾಗಾದರೆ ನಮ್ಮ ನರ್ಸಿಂಗ್ ಕೇಳುಗರಿಗೆ ಏನು ಹೇಳಿದೆ? ಫೋನ್ ಮಾಡಿ ಮಾತಾಡಿದೆ. ಮೂರು ವಿಷಯ ಕೇಳಿದೆ. ಕುಟುಂಬದ ಆದಾಯ ಪ್ರಮಾಣಪತ್ರದಲ್ಲಿ ಎಷ್ಟಿದೆ? 4.5 ಲಕ್ಷದ ಒಳಗೇ ಇದೆ, ಹಾಗಾಗಿ ಬಡ್ಡಿ ಸಹಾಯಕ್ಕೆ ಕಾಲೇಜು ಅರ್ಹವಾ ಅಂತ ಬರವಣಿಗೆಯಲ್ಲಿ ಕೇಳಿ ಅಂದೆ. ಆ ಕಾಲೇಜಿನಿಂದ ಹೊರಬಂದ ನರ್ಸಿಂಗ್‌ನವರು ಎಲ್ಲಿದ್ದಾರೆ? ಇಬ್ಬರನ್ನ ಅವರೇ ಹುಡುಕಿದ್ದರು, ಒಬ್ಬರಿಗೆ 38,000, ಇನ್ನೊಬ್ಬರಿಗೆ 45,000, ಇಬ್ಬರದ್ದೂ ಪ್ರಾಜೆಕ್ಟ್ ಕೆಲಸ. ಮೂರನೆಯದು, ಓದದೇ ಇದ್ದರೆ ಐದು ವರ್ಷದ ಮೇಲೆ ಅದೇ ಆಸ್ಪತ್ರೆಯಲ್ಲಿ ಸಂಬಳ ಎಷ್ಟಾಗಿರುತ್ತೆ? ಸೀನಿಯರ್ ಅಕ್ಕಂದಿರಿಗೆ ಈಗ 30,000 ಅಂತೆ. ಈ ಮೂರನೇ ಉತ್ತರ ನನಗೆ ಮುಖ್ಯ ಅನ್ನಿಸ್ತು. ನಾವು ಹಾಕಿದ ಲೆಕ್ಕದಲ್ಲಿ ಸಂಬಳ ಏರಿಕೆ ಬಿಟ್ಟಿದ್ವಲ್ಲ, ನಿಜ ಜೀವನದಲ್ಲಿ ಈ ಕಡೆ ಅದು ಏರೋದೇ ನಿಧಾನ. ಎಂಪಿಎಚ್ ಕಡೆ, ಡೇಟಾ ಕೆಲಸ ಚೆನ್ನಾಗಿ ಕಲಿತವರಿಗೆ, ಆರ್ ಅಥವಾ ಸ್ಟೇಟಾ ಥರದ ಸಾಫ್ಟ್‌ವೇರ್ ಬಂದವರಿಗೆ, ಹಳ್ಳಿಗೆ ಹೋಗಿ ಕನ್ನಡದಲ್ಲಿ ಆಶಾ ಕಾರ್ಯಕರ್ತೆಯರ ಜೊತೆ ಕೂತು ಮಾತಾಡಬಲ್ಲವರಿಗೆ, ಮೇಲೆ ಹೋಗೋ ಮೆಟ್ಟಿಲು ಇದೆ.

ಹಾಗಂತ ಈ ವರ್ಷವೇ ಸೇರಿ ಅಂತಲೂ ನಾನು ಹೇಳಲಿಲ್ಲ. 6 ಲಕ್ಷದ ಸಾಲ, ಬಡ್ಡಿ ಸಹಾಯ ಸಿಕ್ಕರೆ, ಜಮೀನು ಅಡ ಇಡದೆ ಆದರೆ, ಸೇರಬಹುದು. ಆ ಎರಡರಲ್ಲಿ ಒಂದು ಆಗದಿದ್ದರೂ, ಒಂದು ವರ್ಷ ಕೆಲಸ ಮಾಡ್ತಾ ಕಡಿಮೆ ಫೀಸಿನ ಸರ್ಕಾರಿ ಸಂಸ್ಥೆಗಳ ಪರೀಕ್ಷೆ ಬರೀರಿ ಅಂದೆ. ಫೀಸ್ ಕಟ್ಟೋ ಕೊನೇ ದಿನಕ್ಕೆ ಇನ್ನೂ ಮೂರು ವಾರ ಇದೆ. ಅವರು ಸೋಮವಾರ ಅಪ್ಪನ ಜೊತೆ ಬ್ಯಾಂಕಿಗೆ ಹೋಗ್ತಿದ್ದಾರೆ, ಈ ಸಲ ಪಹಣಿ ಮನೆಯಲ್ಲೇ ಬಿಟ್ಟು.

ನಿಮ್ಮ ಅಂಕಿಗಳನ್ನ ಕಳಿಸಿ, ವಾಯ್ಸ್ ಮೆಸೇಜ್ ಆದರೂ ಸರಿ. ಸಾಲ, ಬಡ್ಡಿ ದರ, ಈಗಿನ ಸಂಬಳ, ಈ ಮೂರು ಇದ್ದರೆ ಸಾಕು. ಮುಂದಿನ ಕಂತಿನಲ್ಲಿ ಬ್ಯಾಂಕಿಗೂ ಎನ್‌ಬಿಎಫ್‌ಸಿಗೂ ಇರೋ ವ್ಯತ್ಯಾಸ ನೋಡೋಣ. ರಿಸರ್ವ್ ಬ್ಯಾಂಕ್ 2025ರಲ್ಲಿ ರೆಪೊ ದರವನ್ನ ಶೇ 6.5ರಿಂದ 5.25ಕ್ಕೆ ಇಳಿಸಿದಾಗ ಕೆಲವರ ಶಿಕ್ಷಣ ಸಾಲದ ಕಂತು ಇಳೀತು, ಇನ್ನು ಕೆಲವರದ್ದು ಇಳೀಲೇ ಇಲ್ಲ. ಯಾಕೆ ಅಂತ ಅವತ್ತು ಹೇಳ್ತೀನಿ.